ಚಮ್ಮಟಿಗೆ ಎತ್ತಿದ ಕೈ ಯಾರದು?

ಹೊಸ ಯಂತ್ರ ಬಂದಾಗ ಅದನ್ನು ನಾಲ್ಕು ಜನರ ಎದುರು ಕುಣಿಸಿ ತೋರಿಸುವುದು ಹಳೆಯ ಪದ್ಧತಿ. ಸ್ಕಾಟ್ಲೆಂಡಿನ ಜೇಮ್ಸ್ ನಾಸ್ಮಿತ್ ತನ್ನ ಆವಿ ಸುತ್ತಿಗೆಯನ್ನು ತೋರಿಸುವಾಗ ಗಾಜಿನ ಲೋಟದಲ್ಲಿ ಕೋಳಿಮೊಟ್ಟೆ ಇಡುತ್ತಿದ್ದನಂತೆ. ಅಷ್ಟು ತೂಕದ ಸುತ್ತಿಗೆ ಇಳಿದು ಮೊಟ್ಟೆ ಮಾತ್ರ ಒಡೆಯುತ್ತಿತ್ತು, ಲೋಟಕ್ಕೆ ಏನೂ ಆಗುತ್ತಿರಲಿಲ್ಲ. 'ಗ್ರೇಟ್ ಬ್ರಿಟನ್' ಹಡಗಿಗೆ ಬೇಕಾಗಿದ್ದ ದಪ್ಪನೆಯ ಕಬ್ಬಿಣದ ದಂಡವನ್ನು ಬಡಿಯಲು ಅಂದಿನ ಸುತ್ತಿಗೆಗಳ ಕೈಲಿ ಆಗಲಿಲ್ಲ. ಅದಕ್ಕೆಂದು 1839ರಲ್ಲಿ ಇದರ ನಕ್ಷೆ ಬರೆದ. 1842ರಲ್ಲಿ ಪೇಟೆಂಟು ಪಡೆದ.

ಇದೇ ಮನುಷ್ಯ ಮುಂದೆ ಕಾರ್ಮಿಕ ಸಂಘಗಳ ವಿಚಾರಣಾ ಆಯೋಗದ ಎದುರು ಇನ್ನೊಂದು ಮಾತು ಹೇಳಿದ. ಅದನ್ನು ಮಾರ್ಕ್ಸ್ 'ಬಂಡವಾಳ'ದಲ್ಲಿ ಎತ್ತಿ ಬರೆದಿದ್ದಾನೆ. 1851ರ ಮುಷ್ಕರಗಳಾದ ಮೇಲೆ ತನ್ನ ಕಾರ್ಖಾನೆಗೆ ತಾನಾಗಿ ಓಡುವ ಯಂತ್ರಗಳನ್ನು ತಂದು 1,500 ಆಳುಗಳನ್ನು 750ಕ್ಕೆ ಇಳಿಸಿದೆ, ಲಾಭ ಚೆನ್ನಾಗಿ ಏರಿತು ಅಂತ. ಮೊಟ್ಟೆಯನ್ನು ಎಲ್ಲರೂ ನೋಡಿದರು. ಹೊರಗೆ ಹೋದ 750 ಜನರನ್ನು ನೋಡಿದವರು ಯಾರು?

ಈಗ ಕಬ್ಬಿಣದ ಕೆಲಸದವರು ಸೇರಿದ ಕಡೆ ಹೊಸದಾಗಿ ಕಟ್ಟಿದ ಪವರ್ ಹ್ಯಾಮರನ್ನು ನಿಲ್ಲಿಸಿ ತೋರಿಸುತ್ತಾರೆ. ಅದರ ಒಳಗುಟ್ಟು ದೊಡ್ಡದೇನಲ್ಲ. ಎರಡು ಮೂರು ಎಚ್.ಪಿ. ಮೋಟಾರು, ಒಂದು ಬೆಲ್ಟು, ಹಳೆಯ ಲಾರಿಯ ಕಮಾನು ಪಟ್ಟಿ, ಅದರ ತುದಿಗೆ ಕಬ್ಬಿಣದ ಗುಂಡು. ಕಾಲಲ್ಲಿ ಪೆಡಲು ತುಳಿದರೆ ನಿಮಿಷಕ್ಕೆ 200ಕ್ಕೂ ಹೆಚ್ಚು ಪೆಟ್ಟು. ಆಳು ನಿಂತು ಎತ್ತಿ ಹೊಡೆದರೆ ಇಪ್ಪತ್ತೋ ಮೂವತ್ತೋ. ಕಾದ ಕಬ್ಬಿಣ ಕೆಂಪಾಗಿರುವುದು ಕ್ಷಣಹೊತ್ತು. ಆ ಕ್ಷಣದಲ್ಲಿ ಎಷ್ಟು ಪೆಟ್ಟು ಬಿತ್ತು ಅನ್ನುವುದೇ ಲೆಕ್ಕ. ನೋಡಲು ಚೆಂದ, ಸುಳ್ಳಲ್ಲ. ಈ ಯಂತ್ರವನ್ನು ನಮ್ಮ ಕಡೂರು ಸೀಮೆಯ ಹಳೆಯ ಕುಲುಮೆಯ ಪಕ್ಕ ಇಟ್ಟು ನೋಡೋಣ. ಅದು ಯಾರ ಜಾಗಕ್ಕೆ ಬಂದಿದೆ ಅನ್ನುವುದು ಆಗ ಕಾಣುತ್ತದೆ.

'ಅಕ್ಕಸಾಲಿಗನ ನೂರು ಏಟು, ಕಮ್ಮಾರನ ಒಂದೇ ಏಟು' ಅನ್ನುತ್ತಾರೆ. ಆದರೆ ಆ ಒಂದು ಏಟು ಕಮ್ಮಾರನದಲ್ಲ! ಕಮ್ಮಾರ ಎಡಗೈಲಿ ಇಕ್ಕಳ, ಬಲಗೈಲಿ ಸಣ್ಣ ಸುತ್ತಿಗೆ ಹಿಡಿದು ಕೂತಿರುತ್ತಾನೆ. ಅವನು ಎಲ್ಲಿ ಟಣ್ ಅನ್ನಿಸುತ್ತಾನೋ ಅಲ್ಲಿ ಎದುರು ನಿಂತವರ ಚಮ್ಮಟಿಗೆ ಬೀಳಬೇಕು. ಎದುರು ನಿಲ್ಲುವವರು ಯಾರು? ಬಹಳ ಕಡೆ ಅವನ ಹೆಂಡತಿ, ಇಲ್ಲವೇ ಮಗ. ಕುಳ ತಟ್ಟಿಸಲು ಬಂದ ರೈತನ ಆಳೂ ಕೈ ಹಾಕುವುದುಂಟು. ರಸ್ತೆ ಬದಿಯಲ್ಲಿ ಕುಲುಮೆ ಹೂಡುವ ಅಲೆಮಾರಿ ಕಮ್ಮಾರರಲ್ಲಂತೂ ಚಮ್ಮಟಿಗೆ ಹೆಂಗಸರ ಕೈಯಲ್ಲೇ ಇರುತ್ತದೆ. ಸುಗ್ಗಿಯಲ್ಲಿ ಕಣದಲ್ಲಿ ಕಮ್ಮಾರನಿಗೆ ಆಯ ಅಳೆದು ಕೊಟ್ಟರು, ಅವಳ ಹೆಸರಿಗೆ ಒಂದು ಸೇರನ್ನೂ ಅಳೆಯಲಿಲ್ಲ.

ಕುಲುಮೆ ಉರಿಯಬೇಕಾದರೆ ತಿದಿ ಬೇಕು. ತಿದಿ ಚರ್ಮದ್ದು. ಸತ್ತ ದನ ಸುಲಿದು, ತೊಗಲು ಹದಮಾಡಿದವರು ಮಾದಿಗರು. ಹಳೆಯ ಮೈಸೂರಿನ ಎಡಗೈ–ಬಲಗೈ ಪಣಗಳ ಬಗ್ಗೆ ಬುಕಾನನ್, ರೈಸ್ ಇಬ್ಬರೂ ಬರೆದಿದ್ದಾರೆ. ಆ ಪಟ್ಟಿಯಲ್ಲಿ ಪಾಂಚಾಳರೂ ಮಾದಿಗರೂ ಒಂದೇ ಎಡಗೈ ಪಣ, ಹೊಲೆಯರು ಬಲಗೈ ಪಣ. ಜಗಳಕ್ಕೆ ಮಾದಿಗ ಬೇಕು, ಉಸಿರೂದುವ ತೊಗಲಿಗೆ ಮಾದಿಗ ಬೇಕು. ಹೊಸ್ತಿಲ ಒಳಗೆ ಮಾತ್ರ ಬೇಡ. ಮಾದಿಗರನ್ನೂ ಹೊಲೆಯರನ್ನೂ ಎರಡು ಕೈ ಮಾಡಿ ಹೊಡೆದಾಡಿಸಿದ ಈ ಲೆಕ್ಕವನ್ನು ನಮ್ಮ ಹುಡುಗರು ಮತ್ತೆ ಮತ್ತೆ ಓದಬೇಕು.

ಇನ್ನು ಕಬ್ಬಿಣ. ಅದು ಪೇಟೆಯಿಂದ ಬರುತ್ತಿರಲಿಲ್ಲ. ಬಾಬಾಬುಡನ್ ಗಿರಿಯ ಪೂರ್ವದ ಗುಡ್ಡಸಾಲಿನಲ್ಲೂ ಉಬ್ರಾಣಿಯ ಸುತ್ತಲ ಬೆಟ್ಟಗಳಲ್ಲೂ ಕಬ್ಬಿಣ ತೆಗೆಯುತ್ತಿದ್ದರೆಂದು ರೈಸ್‌ನ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಬೆಟ್ಟಗಳ ತಪ್ಪಲೇ ಇಂದಿನ ತರೀಕೆರೆ, ಅಜ್ಜಂಪುರದ ಸೀಮೆ. ಅದಿರು ಅಗೆದು, ಇದ್ದಿಲು ಸುಟ್ಟು, ಮಣ್ಣಿನ ಗೂಡಿನಲ್ಲಿ ಕರಗಿಸುವ ಬದುಕು. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು, 1900ರಲ್ಲಿ ಅರಣ್ಯ ರೆಗ್ಯುಲೇಷನ್ ಬಂತು. ಕಾಡು ಸರ್ಕಾರದ್ದಾದರೆ ಇದ್ದಿಲು ಸುಡುವವನು ಕಳ್ಳನಾಗುತ್ತಾನೆ. 1889ರ ಹೊತ್ತಿಗೆ ಕಡೂರು, ಬೀರೂರು, ಅಜ್ಜಂಪುರ ಹಾದು ಹರಿಹರದ ತನಕ ರೈಲು ಓಡಿತು. ಅದರಲ್ಲಿ ಸೀಮೆ ಕಬ್ಬಿಣ ಅಗ್ಗವಾಗಿ ಬಂದಿಳಿಯಿತು. ಬೆಟ್ಟದ ಗೂಡುಗಳು ಆರಿದವು.

ತಮಾಷೆ ನೋಡಿ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಅದಿರು ಅದೇ ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಯದು. ಉರುವಲು ಅದೇ ಕಾಡಿನ ಮರದ ಇದ್ದಿಲು. ಬಡವ ಸುಟ್ಟರೆ ಅಪರಾಧ, ಪ್ರಭುತ್ವ ಸುಟ್ಟರೆ ಪ್ರಗತಿ. ವಿಶ್ವೇಶ್ವರಯ್ಯನವರ ಹೆಸರು ಕಾರ್ಖಾನೆಯ ನೆತ್ತಿಯ ಮೇಲೆ ಇದೆ, ಇರಲಿ. ಗುಡ್ಡದ ಮೇಲೆ ಕೆಮ್ಮಣ್ಣು ಅಗೆದ ಕೂಲಿಗಳ ಹೆಸರು ಯಾವ ಕಲ್ಲಿನ ಮೇಲಿದೆ?

ಹಾಗಂತ ನಾವು ಯಂತ್ರದ ವಿರೋಧಿಗಳಲ್ಲ. ಕೈಕಸುಬಿನ ಸೊಬಗು, ಹಳ್ಳಿಯ ಟಣ್ ಟಣ್ ನಾದ ಅಂತ ಪದ್ಯ ಕಟ್ಟುವವರು ಒಂದು ದಿನವೂ ಚಮ್ಮಟಿಗೆ ಎತ್ತಿದವರಲ್ಲ. ಬಸುರಿ ಹೆಂಗಸು ಚಮ್ಮಟಿಗೆ ಎತ್ತುವುದು ನಾದವಲ್ಲ. ಬಾಬಾಸಾಹೇಬರು 1945ರಲ್ಲಿ ಗಾಂಧಿವಾದವನ್ನು ಟೀಕಿಸುತ್ತ ಇದನ್ನು ನೇರವಾಗಿ ಹೇಳಿದರು. ಯಂತ್ರವಿದ್ದರೇನೆ ದುಡಿಯುವವನಿಗೆ ಬಿಡುವು. ಕೇಡು ಯಂತ್ರದಲ್ಲಿಲ್ಲ, ಅದರ ಫಲವನ್ನು ಕೆಲವರೇ ನುಂಗಲು ಬಿಟ್ಟಿರುವ ಸಮಾಜದಲ್ಲಿದೆ. ಅವರ ಈ ವಿಚಾರವನ್ನೇ ಪವರ್ ಹ್ಯಾಮರಿನ ಮುಂದೆ ನಿಂತು ಕೇಳಬೇಕು. ಅದು ಕುಲುಮೆಯವರ ಸ್ವಂತದ್ದೋ, ಪೇಟೆಯ ಸಾಹುಕಾರ ಇಟ್ಟುಕೊಂಡು ಕಮ್ಮಾರನನ್ನು ದಿನಗೂಲಿಗೆ ಕೂರಿಸಿದ್ದೋ? ಬಿಡುವು ಸಿಕ್ಕ ಹೆಂಗಸಿಗೆ ಪೆಡಲು ಸಿಕ್ಕಿತೋ, ಕೂಲಿಯ ಹೊಲ ಸಿಕ್ಕಿತೋ?

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ಶುರುಮಾಡಿತು. 18 ಕಸುಬುಗಳು. ಅದರಲ್ಲಿ ಕಮ್ಮಾರನೂ ಇದ್ದಾನೆ, ಚಪ್ಪಲಿ ಹೊಲೆಯುವವನೂ ಇದ್ದಾನೆ. ಸಲಕರಣೆಗೆ 15,000 ರೂಪಾಯಿ, ಆಮೇಲೆ ಸಾಲ. ಆ ಹದಿನೈದು ಸಾವಿರಕ್ಕೆ ಪವರ್ ಹ್ಯಾಮರ್ ಬರುವುದಿಲ್ಲ, ಅದು ಬೇರೆ ಮಾತು. ನಿಯಮದಲ್ಲಿ ಇನ್ನೊಂದು ಸಾಲಿದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ನೋಂದಣಿ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಇಕ್ಕಳ ಹಿಡಿದವನ ಹೆಸರು ಬರೆದರೆ ಚಮ್ಮಟಿಗೆ ಎತ್ತಿದವಳ ಹೆಸರಿಗೆ ಅರ್ಜಿಯಲ್ಲಿ ಜಾಗವಿಲ್ಲ. ಕಣದಲ್ಲಿ ಆಯ ಅಳೆಯುವ ಗೌಡನೂ ಹೀಗೇ ಮಾಡುತ್ತಿದ್ದ.

ಕಡೂರು, ತರೀಕೆರೆ, ಅಜ್ಜಂಪುರದ ಮೇಷ್ಟರುಗಳಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮೂರ ಕುಲುಮೆ ಆರಿದ್ದರೂ ಆ ಮನೆಗೆ ಒಮ್ಮೆ ಹೋಗಿ. ಚಮ್ಮಟಿಗೆ ಎತ್ತಿದ ಮುದುಕಿಯರು ಇನ್ನೂ ಇದ್ದಾರು. ಎಷ್ಟು ವರ್ಷ ಎತ್ತಿದಿರಿ ಅವ್ವಾ, ತಿದಿ ಹೊಲಿದು ಕೊಟ್ಟವರು ಯಾರು, ಅವರು ಎಲ್ಲಿ ನಿಂತು ಕೊಡುತ್ತಿದ್ದರು ಅಂತ ಕೇಳಿ. ಅವರ ಮಾತಿನಲ್ಲೇ ಬರೆದು ಕಳಿಸಿ, ತಿದ್ದಬೇಡಿ.