ಗಡ್ಡೆಯ ರಕ್ತನಾಳಗಳನ್ನು ಅಳೆಯುವ ಎಂಆರ್‌ಐ: ಅಂಕಿ ಹೇಳುವುದೇನು?

ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಹೊಸ ರಕ್ತನಾಳಗಳು ಬೇಕು. ಬೋಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಈ ವಿಚಾರ ಮುಂದಿಟ್ಟು, ಆ ನಾಳಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದಾಗ ನಂಬಿದವರು ಕಡಿಮೆ. ನಂಬಿದವರಿಗೂ ಒಂದು ತೊಡಕಿತ್ತು. ನಾಳಗಳೆಷ್ಟಿವೆ ಎಂದು ತಿಳಿಯಲು ಗಡ್ಡೆಯ ಚೂರು ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಎಣಿಸಬೇಕಿತ್ತು. 1991ರಲ್ಲಿ ವೈಡ್ನರ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನಲ್ಲಿ ಹೀಗೆ ಎಣಿಸಿ, ನಾಳಗಳು ದಟ್ಟವಾಗಿದ್ದಷ್ಟೂ ರೋಗ ಹರಡಿರುವ ಸಂಭವ ಹೆಚ್ಚು ಎಂದು ತೋರಿಸಿದರು. ಆದರೆ ಚಿಕಿತ್ಸೆಯಲ್ಲಿರುವ ರೋಗಿಯಿಂದ ವಾರವಾರವೂ ಚೂರು ತೆಗೆಯುವುದು ಆಗದ ಮಾತು.

ಎಂಆರ್‌ಐ ಇಲ್ಲಿ ನೆರವಿಗೆ ಬಂದದ್ದು ಬಳಸುದಾರಿಯಲ್ಲಿ. ಲೋಮನಾಳದ ಅಗಲ ಸುಮಾರು 5ರಿಂದ 10 ಮೈಕ್ರಾನ್. ಎಂಆರ್‌ಐ ಚಿತ್ರದ ಒಂದು ಚುಕ್ಕಿ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್. ನಾಳ ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ. ಕಾಣುವುದು ಅದರ ಸೋರಿಕೆ. ಹೊಸ ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು ನಾಳದ ಗೋಡೆಯನ್ನು ಸಡಿಲಗೊಳಿಸುತ್ತದೆ. ಸೆಂಗರ್ ಮತ್ತು ಡ್ವೋರಾಕ್ 1983ರಲ್ಲಿ ಅದನ್ನು ಗುರುತಿಸಿದ್ದೂ ಈ ಗುಣದಿಂದಲೇ. ಗಡ್ಡೆಯ ನಾಳಗಳು ತರಾತುರಿಯಲ್ಲಿ ಕಟ್ಟಿದ ಕಾಲುವೆಗಳಂತೆ: ಅಂಕುಡೊಂಕು, ಅಲ್ಲಲ್ಲಿ ಬಿರುಕು.

ಪರೀಕ್ಷೆ ನಡೆಯುವುದು ಹೀಗೆ. ರೋಗಿ ಯಂತ್ರದೊಳಗೆ ಅಲುಗಾಡದೆ ಮಲಗಿರುವಾಗ ತೋಳಿನ ರಕ್ತನಾಳಕ್ಕೆ ಗ್ಯಾಡೊಲಿನಿಯಮ್ ಇರುವ ಔಷಧ ಹೋಗುತ್ತದೆ. ಕೆಲವು ಸೆಕೆಂಡಿಗೊಂದರಂತೆ ಹಲವು ನಿಮಿಷ ಚಿತ್ರಗಳು ಬೀಳುತ್ತವೆ. ಔಷಧ ಜೀವಕೋಶದೊಳಗೆ ನುಗ್ಗದು, ಕೋಶಗಳ ನಡುವಿನ ಜಾಗಕ್ಕೆ ಸೋರಿ ನಿಲ್ಲುತ್ತದೆ. ಆ ಜಾಗ ಬೆಳಗುತ್ತದೆ. ಬೆಳಕು ಏರಿದ ವೇಗ, ಇಳಿದ ರೀತಿ ಒಂದು ರೇಖೆಯಾಗಿ ಮೂಡುತ್ತದೆ. ಸಟ್ಟನೆ ಏರಿ ಬೇಗನೆ ಇಳಿಯುವ ರೇಖೆಯನ್ನು ಸ್ತನದ ಎಂಆರ್‌ಐ ಓದುವವರು ಇಂದಿಗೂ ಅನುಮಾನದಿಂದಲೇ ನೋಡುತ್ತಾರೆ.

ಈ ರೇಖೆಯಿಂದ ಅಂಕಿ ತೆಗೆಯುವ ಗಣಿತದ ಒಂದು ಮುಖ್ಯ ಎಳೆ ಕ್ಯಾನ್ಸರಿನಿಂದ ಬಂದದ್ದಲ್ಲ. ಲಂಡನ್ನಿನ ಪಾಲ್ ಟಾಫ್ಟ್ಸ್ ಮತ್ತು ಕರ್ಮೋಡ್ 1991ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಮಿದುಳಿನ ಸೋರಿಕೆಗೆ ಸೂತ್ರ ಬರೆದರು. ಡೆನ್ಮಾರ್ಕಿನ ಲಾರ್ಸನ್, ಜರ್ಮನಿಯ ಬ್ರಿಕ್ಸ್ ಅದೇ ಹೊತ್ತಿಗೆ ತಮ್ಮ ತಮ್ಮ ಸೂತ್ರಗಳನ್ನು ಕೊಟ್ಟರು. ಒಬ್ಬರ ಸಂಕೇತ ಇನ್ನೊಬ್ಬರಿಗೆ ತಿಳಿಯದ ಸ್ಥಿತಿ. 1999ರಲ್ಲಿ ಟಾಫ್ಟ್ಸ್, ಲಾರ್ಸನ್, ಬ್ರಿಕ್ಸ್ ಮತ್ತಿತರರು ಸೇರಿ ಈ ಸೋರಿಕೆಯ ಅಂಕಿಗೆ ಒಪ್ಪಿದ ಹೆಸರು ಕೆ-ಟ್ರಾನ್ಸ್.

ನನ್ನ ಮಟ್ಟಿಗೆ ಈ ಕ್ಷೇತ್ರದ ತಿರುಳು ಇರುವುದು ಇಲ್ಲಿಯೇ. ಕೆ-ಟ್ರಾನ್ಸ್ ನಾಳಗಳ ಸಂಖ್ಯೆಯಲ್ಲ. ಗೋಡೆ ಬಹಳ ಸೋರುವಂತಿದ್ದು ರಕ್ತ ಕಡಿಮೆ ಹರಿದರೆ ಅದು ಹರಿವನ್ನು ಹೇಳುತ್ತದೆ. ರಕ್ತ ಧಾರಾಳವಾಗಿದ್ದು ಗೋಡೆ ಬಿಗಿಯಾಗಿದ್ದರೆ ಸೋರಿಕೆಯನ್ನು ಹೇಳುತ್ತದೆ. ಒಂದೇ ಅಂಕಿಗೆ ಎರಡು ಅರ್ಥ. ನಾಳಗಳನ್ನು ತಡೆಯುವ ಔಷಧಗಳ ಪರೀಕ್ಷೆಯ ಭರಾಟೆಯಲ್ಲಿ ಈ ಎಚ್ಚರ ಸಡಿಲಾಯಿತು.

ವಿಇಜಿಎಫ್ ತಡೆಯುವ ಔಷಧ ಬೆವಾಸಿಝುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, ಯಕೃತ್ತಿಗೆ ಹರಡಿದ ಕರುಳಿನ ಕ್ಯಾನ್ಸರಿಗೆ ವಟಲಾನಿಬ್ ಎಂಬ ಇಂಥದೇ ಔಷಧ ಕೊಟ್ಟ ಎರಡೇ ದಿನದಲ್ಲಿ ಎಂಆರ್‌ಐ ಅಂಕಿ ಕುಸಿದ ವರದಿ ಬಂದು ಎಲ್ಲರಿಗೂ ಹುರುಪು ತಂದಿತ್ತು. ಮುಂದಿನ ದೊಡ್ಡ ಪರೀಕ್ಷೆಗಳಲ್ಲಿ ಆ ಔಷಧ ರೋಗಿಗಳ ಆಯುಸ್ಸನ್ನು ಹೆಚ್ಚಿಸಲಿಲ್ಲ. ಇದೇ ಗುಂಪಿನ ಸೆಡಿರಾನಿಬ್‌ನದೂ ಅದೇ ಹಾದಿ. 2007ರಲ್ಲಿ ಮಿದುಳಿನ ಗ್ಲಿಯೋಬ್ಲಾಸ್ಟೋಮಾದಲ್ಲಿ ಅದು ನಾಳಗಳನ್ನು ಕಿರಿದಾಗಿಸಿ ಸೋರಿಕೆ ತಗ್ಗಿಸಿದ್ದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿತ್ತು, ಊತವೂ ಇಳಿಯಿತು. 2013ರ ಫಲಿತಾಂಶದಲ್ಲಿ ರೋಗ ಉಲ್ಬಣಿಸುವುದನ್ನು ಮಾತ್ರ ಅದು ಮುಂದೂಡಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಸೋರಿಕೆ ನಿಂತದ್ದು ನಿಜ, ಗಡ್ಡೆ ಸೋತಿರಲಿಲ್ಲ, ಅಷ್ಟೆ. 2010ರಲ್ಲಿ ಮಿದುಳು ಗಡ್ಡೆ ತಜ್ಞರು ತಮ್ಮ ಮಾನದಂಡಗಳನ್ನು ತಿದ್ದಿದಾಗ ಈ ತೋರಿಕೆಯ ಗುಣವನ್ನು ಹೆಸರಿಟ್ಟು ಎಚ್ಚರಿಸಿದರು. ರೋಗಿಯ ಮನೆಯವರಿಗೆ ಸ್ಕ್ಯಾನ್ ತೋರಿಸಿ ‘ಕಡಿಮೆಯಾಗಿದೆ’ ಎನ್ನುವ ಮುನ್ನ ಪ್ರತಿ ವೈದ್ಯರೂ ಇದನ್ನು ನೆನೆಯಬೇಕು.

ಎಂಆರ್‌ಐ ಅಳತೆಯ ಇನ್ನೊಂದು ಕವಲು ಮಿದುಳಿನಲ್ಲಿ ಚೆನ್ನಾಗಿ ಬೇರೂರಿದೆ: ಗ್ಯಾಡೊಲಿನಿಯಮ್ ಔಷಧ ಹಾದುಹೋಗುವಾಗ ಬೆಳಕು ಕ್ಷಣಕಾಲ ಕುಂದುವುದನ್ನು ಹಿಡಿದು ರಕ್ತದ ಪ್ರಮಾಣ ಅಳೆಯುವುದು. ವಿಕಿರಣದಿಂದಾದ ಗಾಯವೋ, ಮರಳಿ ಬಂದ ಗಡ್ಡೆಯೋ ಎಂಬ ಕಷ್ಟದ ಪ್ರಶ್ನೆಗೆ ಅದು ನೆರವಾಗುತ್ತದೆ. ಇಂಥ ಅಳತೆಗಳನ್ನು ಎಲ್ಲೆಡೆ ಒಂದೇ ಹದಕ್ಕೆ ತರುವ ಯತ್ನವನ್ನು ಉತ್ತರ ಅಮೆರಿಕದ ರೇಡಿಯಾಲಜಿ ಸಂಘ 2007ರಲ್ಲಿ ಆರಂಭಿಸಿತು.

ಈ ಅಳತೆಗಳಿಗೆ ಬೇಕಾದ ಗ್ಯಾಡೊಲಿನಿಯಮ್ ಬಗ್ಗೆಯೇ ಮುಂದೆ ಆತಂಕ ಎದ್ದಿತು. 2014ರಲ್ಲಿ ಜಪಾನಿನ ಕಾಂಡಾ ತಂಡ, ಪದೇ ಪದೇ ಚುಚ್ಚುಮದ್ದು ಪಡೆದವರ ಮಿದುಳಿನಲ್ಲಿ ಗ್ಯಾಡೊಲಿನಿಯಮ್ ಉಳಿಯುವ ಸುಳಿವು ಕೊಟ್ಟಿತು. 2017ರಲ್ಲಿ ಯುರೋಪ್ ಹಲವು ಗ್ಯಾಡೊಲಿನಿಯಮ್ ಔಷಧಗಳ ಬಳಕೆಗೆ ಕಡಿವಾಣ ಹಾಕಿತು. ಅಲ್ಲಿಂದ ರಕ್ತದಲ್ಲಿನ ನೀರಿಗೇ ಕಾಂತೀಯ ಗುರುತು ಹಾಕುವ, ಚುಚ್ಚುಮದ್ದೇ ಬೇಡದ ವಿಧಾನದತ್ತ ಆಸಕ್ತಿ ಇನ್ನಷ್ಟು ಹೆಚ್ಚಿತು. ರಕ್ತ ಜೋರಾಗಿ ಹರಿಯುವ ಮೂತ್ರಪಿಂಡದ ಗಡ್ಡೆಗಳಿಗೆ ಅದು ಒಗ್ಗುತ್ತದೆ; ಹರಿವು ಮಂದವಿರುವಲ್ಲಿ ಸಂಕೇತ ತೀರ ದುರ್ಬಲ. ಅದು ಅಳೆಯುವುದು ಹರಿವನ್ನು, ಸೋರಿಕೆಯನ್ನಲ್ಲ; ಹಾಗಾಗಿ ಅದರ ಅಂಕಿಯನ್ನು ಹಳೆಯ ಕೆ-ಟ್ರಾನ್ಸ್ ಪಕ್ಕದಲ್ಲಿಟ್ಟು ಹೋಲಿಸಲಾಗದು.