ಸ್ಪೀಕರ್ ತಂತಿ ಕಿತ್ತುಬಂದರೆ ಆಂಪ್ಲಿಫೈಯರ್‌ಗೆ ಗೊತ್ತಾಗುತ್ತದೆಯೇ?

ಸಮಾರಂಭದ ನಡುವೆ ಸದ್ದು ನಿಂತರೆ ಎಲ್ಲರೂ ತಿರುಗಿ ನೋಡುವುದು ಮೈಕ್‌ಸೆಟ್ಟಿನವನನ್ನೇ. ಆದರೆ ಎಷ್ಟೋ ಸಲ ದೋಷ ಇರುವುದು ಆಂಪ್ಲಿಫೈಯರ್ ಒಳಗಲ್ಲ, ಅಲ್ಲಿಂದ ಸ್ಪೀಕರ್‌ಗೆ ಹೋಗುವ ಎರಡು ಎಳೆ ತಂತಿಯಲ್ಲಿ. 1974ರಲ್ಲಿ ಮುಂಬಯಿಗೆ ಬಂದ ನಾನು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಅಲೆದು, ನಮ್ಮವರ ಕಾರ್ಯಕ್ರಮಗಳಿಗೆ ಮೈಕ್ ಕಟ್ಟಿ ಕಲಿತ ಮೊದಲ ಪಾಠವೇ ಇದು. ಈ ಎರಡು ಎಳೆ ತಂತಿಯ ದೋಷ ಹಿಡಿಯುವುದಕ್ಕೂ ಒಂದು ಚರಿತ್ರೆ ಇದೆ. ಕೇಳಿ.

ಇವತ್ತಿನ ಸ್ಪೀಕರ್‌ಗಳ ಮೂಲ 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ ವಿನ್ಯಾಸ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನ್. ಆಗಿನದು ವಾಲ್ವುಗಳ ಕಾಲ. ವಾಲ್ವಿನಲ್ಲಿ ವೋಲ್ಟೇಜು ಹೆಚ್ಚು, ಕರೆಂಟು ಕಡಿಮೆ. ಸ್ಪೀಕರ್‌ಗೆ ಬೇಕಾದದ್ದು ಇದರ ಉಲ್ಟಾ. ಹಾಗಾಗಿ ನಡುವೆ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಸ್ಪೀಕರ್ ಕಳಚಿದ್ದಾಗ ಸದ್ದು ಏರಿಸಿದರೆ ಆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ವಿಪರೀತ ಏರಿ ಒಳಗಿನ ಇನ್ಸುಲೇಶನ್ ಸುಡಬಹುದು. ಎರಡು ತಂತಿ ಒಂದಕ್ಕೊಂದು ತಾಗಿದರೆ ಮಾತ್ರ ವಾಲ್ವು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿತ್ತು. ಅದಕ್ಕೇ ಹಳಬರ ನಿಯಮ: ಮೊದಲು ಸ್ಪೀಕರ್, ಆಮೇಲೆ ಸ್ವಿಚ್ಚು.

ಟ್ರಾನ್ಸಿಸ್ಟರ್ ಬಂದು ಈ ನಿಯಮವನ್ನೇ ಬುಡಮೇಲು ಮಾಡಿತು. 1956ರಲ್ಲಿ ಎಚ್. ಸಿ. ಲಿನ್ ಎಂಬ ಎಂಜಿನಿಯರ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತೋರಿಸಿಕೊಟ್ಟರು. ಇದಕ್ಕೆ ಸ್ಪೀಕರ್ ಇಲ್ಲದಿದ್ದರೆ ಚಿಂತೆಯಿಲ್ಲ. ತಂತಿಗಳು ತಾಗಿದರೆ ಮಾತ್ರ ಕಥೆ ಮುಗಿಯಿತು! ಫ್ಯೂಸು ಹೋಗುವ ಮೊದಲೇ ಟ್ರಾನ್ಸಿಸ್ಟರ್ ಹೋಗಿರುತ್ತದೆ. ಒಂದು ಕಾಲದ ಔಷಧ ಇನ್ನೊಂದು ಕಾಲಕ್ಕೆ ವಿಷ ಅಂದರೆ ಇದೇ ಅಲ್ಲವೇ?

ಆಗೆಲ್ಲ ದೋಷ ಹುಡುಕುವ ಸಾಧನ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್. ಸ್ಪೀಕರ್ ತಂತಿಯನ್ನು ಆಂಪ್ಲಿಫೈಯರಿನಿಂದ ಬಿಚ್ಚಿ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿದರೆ 'ಟಕ್' ಅನ್ನಬೇಕು. ಅನ್ನದಿದ್ದರೆ ತಂತಿಯೋ ಸುರುಳಿಯೋ ಕಡಿದಿದೆ. ಮೀಟರ್ ಇದ್ದವರು ಅಳೆಯುತ್ತಿದ್ದರು. 8 ಓಮಿನ ಸ್ಪೀಕರ್ ಸಾಮಾನ್ಯವಾಗಿ 6-7 ಓಮ್ ತೋರಿಸುತ್ತದೆ; ಸೊನ್ನೆಗೆ ಹತ್ತಿರವಿದ್ದರೆ ತಂತಿಗಳು ತಾಗಿವೆ ಅಂತ ಲೆಕ್ಕ.

ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಸ್ಪೀಕರ್‌ಗೆ ಮುಂಚೆ ಒಂದು ದಪ್ಪ ಕೆಪಾಸಿಟರ್ ಇರುತ್ತಿತ್ತು. ಡಿಸಿ ಕರೆಂಟನ್ನು ತಡೆಯುವ ಕಾವಲುಗಾರ ಅದು. ಮುಂದೆ ಪ್ಲಸ್-ಮೈನಸ್ ಎರಡು ಸಪ್ಲೈ ಬಂದು ಕೆಪಾಸಿಟರನ್ನು ಕಿತ್ತುಹಾಕಿದರು. ಈಗ ಒಂದು ಟ್ರಾನ್ಸಿಸ್ಟರ್ ಶಾರ್ಟಾದರೆ ಇಡೀ ಸಪ್ಲೈ ನೇರ ಸುರುಳಿಗೆ ನುಗ್ಗಿ ಸ್ಪೀಕರ್ ಸುಡುತ್ತದೆ. ಹಾಗಾಗಿ ರಿಲೇ ಬಂತು. ಸ್ವಿಚ್ ಹಾಕಿ ಒಂದೆರಡು ಕ್ಷಣದ ಮೇಲೆ ಕೇಳುವ 'ಟಕ್' ಅದರದೇ. ಎನ್‌ಇಸಿ ಕಂಪನಿಯ ಯುಪಿಸಿ1237 ಎಂಬ ಪುಟ್ಟ ಚಿಪ್ ಈ ಕೆಲಸಕ್ಕೆ ಹೆಸರುವಾಸಿ. ಸಂಗೀತ ಮೇಲೂ ಕೆಳಗೂ ತೂಗುವುದರಿಂದ ಅದರ ಸರಾಸರಿ ಸೊನ್ನೆ. ಡಿಸಿ ಒಂದೇ ಕಡೆ ನಿಂತುಬಿಡುತ್ತದೆ. ಸರಾಸರಿ ಸೊನ್ನೆಯಿಂದ ಸರಿದರೆ ರಿಲೇ ಬಿಟ್ಟುಕೊಳ್ಳುತ್ತದೆ.

ಆದರೆ ಈ ಕಾವಲುಗಾರನಿಗೂ ಒಂದು ಕುರುಡು ಇತ್ತು. ತಂತಿ ಕಡಿದರೆ ಅದಕ್ಕೆ ತಿಳಿಯದು. ಎಲ್ಲ ಸರಿಯಿದೆ ಅನ್ನುವಂತೆ ದೀಪ ಉರಿಯುತ್ತಿರುತ್ತದೆ, ಹೊರಗೆ ಮೌನ. ಮದುವೆ ಮನೆಯಲ್ಲಾದರೆ ನಗೆಪಾಟಲು, ಅಷ್ಟೇ. ಬೆಂಕಿ ಬಿದ್ದ ಕಟ್ಟಡದಲ್ಲಿ 'ಹೊರಗೆ ಬನ್ನಿ' ಎಂಬ ಮಾತು ಜನರಿಗೆ ಮುಟ್ಟದಿದ್ದರೆ? ಅದಕ್ಕಾಗಿ ಯೂರೋಪಿನಲ್ಲಿ 2008ರ ಇಎನ್ 54-16 ಎಂಬ ಮಾನದಂಡ, ಸ್ಪೀಕರ್ ತಂತಿ ಕಡಿದರೂ ತಾಗಿದರೂ 100 ಸೆಕೆಂಡಿನೊಳಗೆ ಎಚ್ಚರಿಕೆ ಬರಬೇಕು ಅನ್ನುತ್ತದೆ. ಇದಕ್ಕಿರುವ ಒಂದು ಉಪಾಯ ಕಿವಿಗೆ ಕೇಳದಷ್ಟು ಎತ್ತರದ ಸ್ವರವನ್ನು ಸದಾ ತಂತಿಯಲ್ಲಿ ಹರಿಸುತ್ತಾ, ಅದು ಕೊನೆಯವರೆಗೆ ತಲುಪುತ್ತಿದೆಯೇ ಎಂದು ನೋಡುತ್ತಿರುವುದು.

ಈಗ ಕಾರಿನ ಆಡಿಯೋ ಚಿಪ್ಪುಗಳೂ ಜಾಣವಾಗಿವೆ. ಕಾರಿನಲ್ಲಿ ಸ್ಪೀಕರಿನ ಎರಡು ತಂತಿಗಳೂ 'ಜೀವಂತ'. ಒಂದು ಬಾಡಿಗೆ ತಾಗಿದರೂ ಅಪಾಯ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್6424ರಂಥ ಚಿಪ್ ಹಾಡುವ ಮೊದಲೇ ಪ್ರತಿ ಸ್ಪೀಕರ್ ತಂತಿಯನ್ನೂ ಡಿಸಿಯಿಂದ ಪರೀಕ್ಷಿಸುತ್ತದೆ. ಕಡಿದಿದೆಯೇ, ಒಂದಕ್ಕೊಂದು ತಾಗಿದೆಯೇ, ಬಾಡಿಗೆ ತಾಗಿದೆಯೇ, ಬ್ಯಾಟರಿಗೆ ತಾಗಿದೆಯೇ ಎಂದು ನಾಲ್ಕು ಉತ್ತರ ಕೊಡುತ್ತದೆ. ಟ್ವೀಟರ್ ಮುಂದೆ ಕೆಪಾಸಿಟರ್ ಇದ್ದರೆ ಡಿಸಿ ದಾಟುವುದಿಲ್ಲ. ಆಗ ಎತ್ತರದ ಸ್ವರ ಕಳಿಸಿ ನೋಡುತ್ತದೆ.

ಸೂಕ್ಷ್ಮವಾಗಿ ನೋಡಿದರೆ ಇದು ನಮ್ಮ ಟಾರ್ಚ್ ಸೆಲ್ಲಿನ ಪರೀಕ್ಷೆಯೇ. ಆಗ ಅಂಗೈಯಲ್ಲಿದ್ದದ್ದು ಈಗ ಚಿಪ್ಪಿನೊಳಗೆ ಹೋಗಿ ಕುಳಿತಿದೆ. ಆದರೂ ಒಂದು ಮಾತು ಉಳಿಯಿತು. ಎರಡು ಸ್ಪೀಕರುಗಳಲ್ಲಿ ಒಂದರ ತಂತಿ ಅದಲುಬದಲಾದರೆ ಬೇಸ್ ಸೊರಗುತ್ತದೆ. ಓಮ್ ಅಳೆಯುವ ಪರೀಕ್ಷೆಗೆ ನೇರವೂ ಒಂದೇ, ಉಲ್ಟಾವೂ ಒಂದೇ. ಸೆಲ್ ಮುಟ್ಟಿಸಿದಾಗ ಕೋನ್ ಮುಂದೆ ಜಿಗಿಯಿತೋ ಹಿಂದೆ ಸರಿಯಿತೋ ಅಂತ ನೋಡಿದವನಿಗೆ ಮಾತ್ರ ಅದು ಸಿಗುತ್ತದೆ. ಮನೆಯಲ್ಲಿ ಹಳೆಯ ಸ್ಪೀಕರ್ ಇದ್ದರೆ ಈ ಭಾನುವಾರ ಒಮ್ಮೆ ಮುಟ್ಟಿಸಿ ನೋಡಿ.