ಬೆಳಗಿನ ಬಿಗಿತ

ಹಾನಗಲ್ಲಿನ ಭತ್ತದ ಗದ್ದೆಯಲ್ಲಿ, ಸವಣೂರಿನ ಎಲೆಬಳ್ಳಿಯ ತೋಟದಲ್ಲಿ, ಶಿಗ್ಗಾವಿಯ ಹತ್ತಿಯ ಹೊಲದಲ್ಲಿ, ಹಿರೇಕೆರೂರಿನ ಗೋವಿನಜೋಳದ ಸಾಲಿನಲ್ಲಿ ದಿನವಿಡೀ ದುಡಿದ ಹೆಣ್ಣುಮಗಳು ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಲು ಕುಳಿತಾಗ, ಬೆರಳಿನ ಗೆಣ್ಣುಗಳು ಮಡಿಚಲಾರದಷ್ಟು ಬಿಗಿದುಕೊಂಡು, ಹೊತ್ತೇರಿದ ಮೇಲೆ ತಾವಾಗಿಯೇ ಸಡಿಲವಾಗುವುದು ವಾರಗಟ್ಟಲೆ ಮರುಕಳಿಸಿದರೂ, ಮನೆಯವರು ಅದನ್ನು ‘ವಾಯು’ ಎಂದು ಕರೆದು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಸುಮ್ಮನಾಗುವರು. ದುಡಿಮೆಯಿಂದ ಬಂದ ನೋವು ವಿಶ್ರಾಂತಿಯಿಂದ ಶಮನವಾಗತಕ್ಕದ್ದು. ಇದಾದರೋ ವಿಶ್ರಾಂತಿಯ ಬಳಿಕವೇ ಬಲಿಯುತ್ತದೆ. ರುಮಟಾಯ್ಡ್ ಸಂಧಿವಾತದ ನಿದಾನದಲ್ಲಿ ಈ ವೈಪರೀತ್ಯವನ್ನು ಗುರುತಿಸುವುದೇ ಮೊದಲ ಮೆಟ್ಟಲು.

ನಮ್ಮ ಪ್ರಾಚೀನ ವೈದ್ಯರಿಗೆ ಈ ಬಗೆಯ ಬೇನೆ ಅಪರಿಚಿತವಾಗಿರಲಿಲ್ಲ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿರಿಸಿ, ಜೀರ್ಣವಾಗದ ಆಮವು ವಾತಪ್ರೇರಿತವಾಗಿ ಸಂಧಿಗಳನ್ನು ಸೇರಿ ಶೋಥವನ್ನುಂಟುಮಾಡುವ ಕ್ರಮವನ್ನು ವಿವರಿಸಿದನು. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಅದಕ್ಕೆ ಲಂಘನ, ಸ್ವೇದನ, ವಿರೇಚನ, ಬಸ್ತಿಗಳನ್ನು ವಿಧಿಸಿದನು. ಆ ವರ್ಣನೆಯಲ್ಲಿ ಬೇರೆ ಜ್ವರವಾತಗಳೂ ಬೆರೆತಿರಬಹುದಾದುದರಿಂದ, ಆಮವಾತವೇ ಇಂದಿನ ರುಮಟಾಯ್ಡ್ ಎಂದು ಸಮೀಕರಿಸುವುದು ಅವಸರದ ತೀರ್ಮಾನವಾದೀತು. ಆದರೆ ನೋವು ಕೀಲಿನಲ್ಲಿದ್ದರೂ ವ್ಯಾಧಿಯು ಇಡಿಯ ಶರೀರದ್ದೆಂಬ ಅವರ ದೃಷ್ಟಿ ಇಂದಿಗೂ ಸಲ್ಲುವಂಥದು.

ಯೂರೋಪಿನಲ್ಲಿ ಈ ರೋಗಕ್ಕೆ ಪ್ರತ್ಯೇಕ ವ್ಯಕ್ತಿತ್ವ ದೊರೆತದ್ದು 1800ರಲ್ಲಿ. ಗೌಟ್ ಎಂಬ ಕೀಲುರೋಗವು ಉಂಡುಟ್ಟ ಶ್ರೀಮಂತ ಪುರುಷರ ಬೇನೆಯೆಂದು ನಂಬಿದ್ದ ಕಾಲದಲ್ಲಿ, ಪ್ಯಾರಿಸಿನ ಲಾಂದ್ರೆ-ಬೊವೆ ಎಂಬ ತರುಣ ವೈದ್ಯನು ಬಡ ಸ್ತ್ರೀಯರ ಕೀಲುಗಳಲ್ಲಿ ಕಂಡ ಊತವನ್ನು ಬೇರೆಯೆಂದು ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಇಂದಿನ ಹೆಸರನ್ನಿಟ್ಟವನು 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು-ಮೂರು ಪಟ್ಟು ಹೆಚ್ಚಾಗಿ ಕಾಣುವ ಈ ರೋಗದ ಮೊದಲ ಸಾಕ್ಷಿಗಳು ಬಡ ಹೆಂಗಸರೇ ಆಗಿದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ನಮ್ಮ ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆಗಳು ಕಣ್ಣಮುಂದೆ ನಿಲ್ಲುತ್ತವೆ.

ರಕ್ತಪರೀಕ್ಷೆಯ ಯುಗ ಆರಂಭವಾದದ್ದು ನಾರ್ವೆಯ ವಾಲರ್ 1940ರಲ್ಲಿ, ಅಮೆರಿಕದ ರೋಸ್ 1948ರಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತದ ಪ್ರತಿಕಾಯವನ್ನು ಗುರುತಿಸಿದಂದಿನಿಂದ. ಜನ ಇದನ್ನೇ ಅಂತಿಮ ತೀರ್ಪೆಂದು ಭಾವಿಸುವುದುಂಟು. ಅದು ದೊಡ್ಡ ತಪ್ಪು. ಈ ರೋಗವಿರುವ ಹಲವರ ರಕ್ತದಲ್ಲಿ ಆ ಅಂಶ ಕಾಣುವುದೇ ಇಲ್ಲ. ಕ್ಷಯ, ಕುಷ್ಠಗಳಂಥ ದೀರ್ಘ ಸೋಂಕುಗಳಲ್ಲಿಯೂ, ಆರೋಗ್ಯವಂತರಾದ ಕೆಲವು ವೃದ್ಧರಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಅನಂತರ ಬಂದ ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಹೆಚ್ಚು ನಿಖರವಾದುದಾದರೂ ಪರಿಪೂರ್ಣವಲ್ಲ. ಈ ರೋಗವನ್ನು ಗುರುತಿಸಲು ರಚಿಸಿದ 1987ರ ಅಮೆರಿಕನ್ ಮಾನದಂಡಗಳು ಎಲುಬಿನ ಸವೆತವನ್ನೂ ಲೆಕ್ಕಕ್ಕೆ ಹಿಡಿದುದರಿಂದ, ಕೀಲು ಕೆಟ್ಟ ಬಳಿಕವೇ ರೋಗಕ್ಕೆ ಹೆಸರು ಖಚಿತವಾಗುವ ವಿಪರ್ಯಾಸವಿತ್ತು; ಆ ಕೊರತೆಯನ್ನು ನೀಗಿಸಲೆಂದೇ 2010ರಲ್ಲಿ ಹೊಸ ಮಾನದಂಡಗಳು ರಚಿತವಾದವು.

ನಮ್ಮ ಸೀಮೆಯಲ್ಲಿ ನಿದಾನವನ್ನು ಕಠಿಣಗೊಳಿಸುವ ಕಾರಣಗಳು ಬೇರೆಯೂ ಉಂಟು. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಹಳ್ಳಿಹಳ್ಳಿಗೆ ನುಗ್ಗಿದಾಗ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಬೆರಳು, ಮಣಿಕಟ್ಟುಗಳು ಬಾತುಕೊಂಡೇ ಇದ್ದು, ರುಮಟಾಯ್ಡ್‌ನ ಪ್ರತಿಬಿಂಬವೇ ಎಂಬಂತೆ ವೈದ್ಯರನ್ನು ಭ್ರಮೆಗೊಳಿಸಿದವು. ಫ್ಲೋರೈಡ್ ಬೆರೆತ ನೀರು ಕುಡಿದವರ ಬೆನ್ನು-ಕೀಲುಗಳೂ ಬಿಗಿಯುತ್ತವೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ವಂಶಪಾರಂಪರ್ಯದ ಕೀಲುರೋಗವಂತೂ ಬೇರೆಯೇ ಜಾತಿಯದು. ಇವೆಲ್ಲವನ್ನೂ ‘ವಾಯು’ ಎಂಬ ಒಂದೇ ಚೀಲದಲ್ಲಿ ತುಂಬಿದರೆ ಯಾವುದಕ್ಕೂ ತಕ್ಕ ಮದ್ದು ದೊರೆಯಲಾರದು.

ಚಿಕಿತ್ಸೆಯ ಕಥೆ ಆಶೆ-ನಿರಾಶೆಗಳ ಕಥೆ. ಫ್ರಾನ್ಸಿನ ಫೊರೆಸ್ತಿಯೆ 1929ರಲ್ಲಿ ಸುವರ್ಣಲವಣಗಳನ್ನು ಬಳಕೆಗೆ ತಂದನು. 1948ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯ ಹೆಂಚ್ ಕಾರ್ಟಿಸೋನ್ ಚುಚ್ಚಿದಾಗ ಹಾಸಿಗೆ ಹಿಡಿದಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಎರಡೇ ವರ್ಷಗಳಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಮುಖ ಊದುವುದು, ಎಲುಬು ಜೊಳ್ಳಾಗುವುದು, ಸಕ್ಕರೆ ಏರುವುದು ಇತ್ಯಾದಿ ಅನಿಷ್ಟಗಳು ಬೆನ್ನಟ್ಟಿ ಬಂದವು. ಹೆಸರಿಲ್ಲದ ಪುಡಿಗಳಲ್ಲಿ, ‘ನೋವಿನ ಸೂಜಿ’ಯಲ್ಲಿ ಅದೇ ಸ್ಟೆರಾಯ್ಡ್ ಅಡಗಿ ಹಳ್ಳಿಗಳನ್ನು ಸೇರಿ, ನೋವನ್ನು ಮರೆಸಿ ಕೀಲನ್ನು ಒಳಗೊಳಗೇ ಕೆಡಲು ಬಿಡುವುದು ಇಂದಿನ ದುಃಖ. ನಿಜವಾದ ತಿರುವನ್ನು ತಂದ ಮೆಥೊಟ್ರೆಕ್ಸೇಟ್, ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದಲ್ಲಿ ನಡೆಸಿದ ಫೋಲಿಕ್ ಆಮ್ಲದ ಸಂಶೋಧನೆಯಿಂದ ಮೂಡಿಬಂದದ್ದು. ಮೊದಲು ರಕ್ತದ ಅರ್ಬುದಕ್ಕೆ ಬಳಕೆಯಾಗಿ, 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೂ ಮನ್ನಣೆ ಪಡೆಯಿತು. 1992ರಿಂದ ಲಂಡನ್ನಿನಲ್ಲಿ ಫೆಲ್ಡ್‌ಮನ್, ಮೈನಿ ಎಂಬವರು ಪರೀಕ್ಷಿಸಿದ ಜೈವಿಕ ಔಷಧಗಳು ಇನ್ನೂ ಪ್ರಬಲವಾದರೂ, ಬೆಲೆ ರೈತನ ಕೈಗೆ ನಿಲುಕದು; ಅಡಗಿದ ಕ್ಷಯವನ್ನು ಕೆರಳಿಸಬಲ್ಲವಾದುದರಿಂದ ಪೂರ್ವಪರೀಕ್ಷೆಯೂ ಅನಿವಾರ್ಯ.

ಮಾಲವೀಯ ಮತ್ತಿತರರು 1993ರಲ್ಲಿ ಪ್ರಕಟಿಸಿದ, ದೆಹಲಿಯ ಸಮೀಪದ ಹಳ್ಳಿಗಳ ಅಧ್ಯಯನವು ವಯಸ್ಕರಲ್ಲಿ ನೂರಕ್ಕೆ 0.75 ಮಂದಿಗೆ ಈ ರೋಗವಿದೆಯೆಂದಿತು. ಹಾಗೆಂದರೆ ಸಾವಿರ ವಯಸ್ಕರ ಊರಿನಲ್ಲಿ ಏಳೆಂಟು ಜನ. ನಮ್ಮ ಸೀಮೆಯ ಇಂಥವರು ಚಿಕಿತ್ಸೆಗೆ ಹೋಗಲು ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ. ಹಾವೇರಿಯಲ್ಲಿಯೂ ಈಚೆಗೆ ಒಂದಾಗಿದೆ. ಆದರೆ ಹಿರೇಕೆರೂರಿನ ಹಳ್ಳಿಯಿಂದ ಬಸ್ಸು ಹಿಡಿದು ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ರೋಗ ತೋರಿದ ಮೊದಲ ಕೆಲವು ತಿಂಗಳುಗಳಲ್ಲಿಯೇ ಔಷಧ ಆರಂಭವಾದರೆ ಕೀಲು ಉಳಿಯುವುದೆಂಬುದು ಈಗ ಸಿದ್ಧವಾದ ಸಂಗತಿಯಾದುದರಿಂದ, ಊರಿನ ಆಶಾ ಕಾರ್ಯಕರ್ತೆ ಕೇಳಬೇಕಾದುದು ಇಷ್ಟೇ: ಬೆಳಿಗ್ಗೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿದಿರುತ್ತದೆ? ಗೆಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಅದುಮಿದರೆ ನೋಯುತ್ತದೆಯೆ? ಬಿಗಿತ ಅರ್ಧ ತಾಸು ಮೀರುವುದಾದರೆ, ಇಲ್ಲವೆ ಅದುಮಿದಾಗ ನೋಯುವುದಾದರೆ, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆಯಬೇಕು. ಅಲ್ಲಿ ಮೆಥೊಟ್ರೆಕ್ಸೇಟ್ ಕೊಟ್ಟರೆ, ಅದು ವಾರಕ್ಕೊಂದೇ ದಿನ ನುಂಗತಕ್ಕ ಮಾತ್ರೆಯೆಂಬುದನ್ನು ಮರೆತು ದಿನವೂ ನುಂಗಿದವರಿಗೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಗ್ಗಿ, ಪ್ರಾಣಕ್ಕೇ ಕುತ್ತು ಬರುವುದರಿಂದ, ಪೊಟ್ಟಣದ ಮೇಲೆ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು, ಓದಿ ಹೇಳಿ, ಮನೆಯವರಿಂದಲೂ ಮರಳಿ ಹೇಳಿಸಿಕೊಂಡು ಕಳುಹಿಸಬೇಕು.